ಗಣಿತಜ್ಞ ಶ್ರೀ ಮಹಾವೀರಾಚಾರ್ಯರು

ಅಹಿಂಸೆ, ಅನೇಕಾಂತಗಳನ್ನು ಲೋಕಕ್ಕೆ ಸಾರಿದ ಜಿನಧರ್ಮವು ಸಂಖ್ಯಾಜ್ಞಾನಕ್ಕೂ ಹಿರಿಯ ಸ್ಥಾನವನ್ನಿತ್ತಿದೆ. ಲೋಕಸ್ವರೂಪವನ್ನು ತಿಳಿಸುವ ಕರಣಾನುಯೋಗವು ಗಣಿತದ ನೆರವಿಲ್ಲದೆ ಅರ್ಥವಾಗದು. ಈ ಪರಂಪರೆಯ ಉಜ್ವಲ ರತ್ನವೇ ಮಹಾವೀರಾಚಾರ್ಯರು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ಆಳುತ್ತಿದ್ದ 9ನೆಯ ಶತಮಾನವು ಜೈನ ವಾಙ್ಮಯದ ಸುವರ್ಣಯುಗ. ಜಿನಸೇನಾಚಾರ್ಯರು ಆದಿಪುರಾಣವನ್ನು ರಚಿಸಿದ ಆ ಕಾಲದಲ್ಲಿಯೇ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಗ್ರಂಥಾರಂಭದಲ್ಲಿ ಅವರು ಮಹಾವೀರ ತೀರ್ಥಂಕರರನ್ನು ವಂದಿಸಿ, ಸ್ಯಾದ್ವಾದವನ್ನು ಒಪ್ಪಿದ ನೃಪತುಂಗನನ್ನು ಕೊಂಡಾಡಿದ್ದಾರೆ. ತಮ್ಮ ಕುಲವನ್ನಾಗಲಿ ಊರನ್ನಾಗಲಿ ಹೇಳಿಕೊಂಡಿಲ್ಲ. ಅವರ ಕೃತಿಯೇ ಅವರ ಚರಿತ್ರೆ.

ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಶ್ಶಾಸ್ತ್ರದ ಅಂಗವಾಗಿ ಬರೆದರೆ, ಮಹಾವೀರಾಚಾರ್ಯರು ಗಣಿತಕ್ಕಾಗಿಯೇ ಒಂದು ಗ್ರಂಥವನ್ನು ಮೀಸಲಿಟ್ಟರು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದರು. ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ವೆಂದು ಕರೆದು ಅದನ್ನು ಪಡೆಯುವ ಕ್ರಮವನ್ನು ತಿಳಿಸಿದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದರು.

ಗುಣಾಕಾರದ ಉದಾಹರಣೆಗಳಲ್ಲಿ ಜಿನಾಲಯಗಳಿಗೆ ಅರ್ಪಿಸುವ ಕಮಲಗಳೂ ರತ್ನಗಳೂ ಬರುತ್ತವೆ. ಎರಡು ಕಡೆಯಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವರು ಕಂಠಾಭರಣದಂತೆ ಪೋಣಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಹಾರ, 11111111. 142857143ನ್ನು 7ರಿಂದ ಗುಣಿಸಿದರೆ 1000000001. ಇಲ್ಲಿನ 139, 109, 73, 7 ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಒಂದರಿಂದಲೂ ತಮ್ಮಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು. ಹಾರವನ್ನು ಪೋಣಿಸುವುದು ಸುಲಭ, ಬಿಡಿಸಿ ಮಣಿಗಳನ್ನು ಕಾಣುವುದು ಕಷ್ಟ. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯುವ ಈ ಕಷ್ಟವನ್ನೇ ಆಧರಿಸಿ ಇಂದಿನ ಗಣಕಯಂತ್ರಗಳು ರಹಸ್ಯಗಳನ್ನು ಕಾಯುತ್ತಿವೆ.

ಚಿನ್ನದ ನಾಡಿನವರಾದ ನಮಗೆ ಅವರ ಸುವರ್ಣಗಣಿತವು ವಿಶೇಷ ಪ್ರಿಯವಾದುದು. ಅಪ್ಪಟ ಚಿನ್ನಕ್ಕೆ 16 ವರ್ಣ. 12 ವರ್ಣದ ಮೂರು ತೂಕವನ್ನು 16 ವರ್ಣದ ಒಂದು ತೂಕದೊಡನೆ ಕರಗಿಸಿದರೆ ದೊರೆಯುವುದು 13 ವರ್ಣದ ಚಿನ್ನವೆಂದು ಅವರ ಸೂತ್ರದಿಂದ ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಸಿಂಹನಂದ್ಯಾಚಾರ್ಯರ ಅನುಗ್ರಹದಿಂದ ಉದಿಸಿತೆಂದು ಪ್ರತೀತಿಯಿರುವ ಗಂಗರಾಜ್ಯದ ಮೊದಲ ರಾಜಧಾನಿ ಕುವಳಾಲಪುರವೇ ಇಂದಿನ ಕೋಲಾರ. ಇದೇ ಸೀಮೆಯ ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಮೊದಲಾದ ಗಣಿಗಳು ಒಂದು ಶತಮಾನಕ್ಕೂ ಮಿಕ್ಕಿ ಚಿನ್ನವನ್ನಿತ್ತು 2001ರಲ್ಲಿ ಮುಚ್ಚಿದವು. ನೆಲದ ಚಿನ್ನಕ್ಕೆ ಕೊನೆಯುಂಟು, ಶ್ರುತಸಂಪತ್ತಿಗೆ ಕೊನೆಯಿಲ್ಲ. ಆದರೆ ಅದನ್ನು ಕಾಯುವವರಿರಬೇಕು.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡ ಲಿಪಿಯ ಓಲೆಗರಿಗಳನ್ನು ಶ್ರಾವಕರು ತಲೆಮಾರುಗಳ ಕಾಲ ಕಾಪಾಡಿದುದರಿಂದಲೇ 1912ರಲ್ಲಿ ಪ್ರೊ. ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಲು ಸಾಧ್ಯವಾಯಿತು. 2000ದಲ್ಲಿ ಹೊಂಬುಜ ಶ್ರೀಮಠದಿಂದ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದಿತು.

ಬಿಂಬಪ್ರತಿಷ್ಠೆಯೊಡನೆ ಶಾಸ್ತ್ರಪ್ರತಿಷ್ಠೆಯೂ ನಡೆದಾಗಲೇ ಬಸದಿಯು ಪೂರ್ಣವಾಗುತ್ತದೆ. ನಮ್ಮ ಮಕ್ಕಳ ಕೈಗೆ ಈ ಗ್ರಂಥವನ್ನಿತ್ತು ಓದಿಸುವುದೇ ಆಚಾರ್ಯರಿಗೆ ಸಲ್ಲಿಸುವ ನಿಜವಾದ ಅರ್ಘ್ಯ.