ಹಿಂದಿನ ಬೆಂಚಿನ ಹುಡುಗ ಕಟ್ಟಿದ ವಿಮಾನ

ಬೋಧನಾಭ್ಯಾಸದ ಎರಡನೇ ವಾರ. ನನಗೆ ಕೊಟ್ಟ ಎಂಟನೇ ತರಗತಿಯ ಹಾಜರಿ ಪುಸ್ತಕದಲ್ಲಿ 42 ಹೆಸರುಗಳಿದ್ದವು. ಕೊಠಡಿಯಲ್ಲಿ ಎಣಿಸಿದರೆ 43 ಮಕ್ಕಳು. ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ ಹುಡುಗನ ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆಂದು ಬೇರೆ ಜಿಲ್ಲೆಯಿಂದ ಬಂದವರು. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ಬಂದಿರಲಿಲ್ಲ, ಹಾಗಾಗಿ ದಾಖಲಾತಿಯೂ ಆಗಿರಲಿಲ್ಲ. ಕಾಲೇಜಿನ ಉಪನ್ಯಾಸಕರು ನನ್ನ ಪಾಠದ ಅವಲೋಕನಕ್ಕೆ ಬರುವ ದಿನ, ಲೆಕ್ಕ ತಪ್ಪೀತೆಂದು ಹೆದರಿ ಅವನಿಗೆ ಹೊರಗೆ ಜಗಲಿಯಲ್ಲಿ ಕೂರಲು ಹೇಳಿದೆ. ಅವನು ಒಂದು ಮಾತೂ ಆಡದೆ ಚೀಲ ಎತ್ತಿಕೊಂಡು ಹೋದ.

ಮುಂದಿನ ಘಟಕ ಬಲ ಮತ್ತು ಒತ್ತಡ. ಪೀಠಿಕೆಗೆ ವಿಮಾನದ ಉದಾಹರಣೆ ಕೊಡೋಣವೆಂದು ವಿಮಾನ ವಿನ್ಯಾಸಕಾರ ಓಲೆಗ್ ಆಂಟೊನೊವ್ ಅವರ ಜೀವನ ಓದಲು ಕುಳಿತೆ.

ಆಂಟೊನೊವ್ ಹುಟ್ಟಿದ್ದು 1906ರಲ್ಲಿ, ಮಾಸ್ಕೋ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಬೆಳೆದದ್ದು ವೋಲ್ಗಾ ನದಿಯ ದಂಡೆಯ ಸರಾತೊವ್ ಪಟ್ಟಣದಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ತಾಯಿ ಗಾಯಾಳು ಸೈನಿಕರ ಶುಶ್ರೂಷೆ ಮಾಡುತ್ತಿದ್ದಾಗ ಸೋಂಕು ತಗುಲಿ ತೀರಿಕೊಂಡರು. ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗ, ಪತ್ರಿಕೆಗಳಲ್ಲಿ ಕಂಡ ವಿಮಾನದ ಚಿತ್ರಗಳನ್ನೆಲ್ಲ ಕತ್ತರಿಸಿ ಅಂಟಿಸಿಟ್ಟುಕೊಳ್ಳುತ್ತಿದ್ದ. ಅವನಿಗೆ ಅದೇ ಪಠ್ಯಪುಸ್ತಕ.

ಕ್ರಾಂತಿಯ ನಂತರದ ಗೊಂದಲದಲ್ಲಿ ಅವನ ಶಾಲೆ ಮುಚ್ಚಿತು. ಅವನ ಸಹೋದರಿ ಓದುತ್ತಿದ್ದ ಶಾಲೆಗೆ ಸೇರಲು ಅವನಿಗೆ ವಯಸ್ಸು ಸಾಲದು. ಆದರೂ ಅವಳ ಜೊತೆಯಲ್ಲೇ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ. ಪಟ್ಟಿಯಲ್ಲಿ ಹೆಸರಿಲ್ಲ. ಶಿಕ್ಷಕರು ಅವನನ್ನು ಎಬ್ಬಿಸಿ ಕಳಿಸಲಿಲ್ಲ, ಕ್ರಮೇಣ ಅವನು ಅಲ್ಲಿರುವುದು ಎಲ್ಲರಿಗೂ ರೂಢಿಯಾಯಿತು. ಸುಮಾರು ಎರಡು ವರ್ಷ ಹೀಗೆ ಕಳೆದು, 16ನೇ ವಯಸ್ಸಿನಲ್ಲಿ ಅವನ ಕೈಗೂ ಪ್ರಮಾಣಪತ್ರ ಬಂತು.

ಈ ಭಾಗ ಓದಿದ ಮೇಲೆ ನನಗೆ ಪುಟ ತಿರುಗಿಸಲಾಗಲಿಲ್ಲ. ಜಗಲಿಯಲ್ಲಿ ಕುಳಿತ ಹುಡುಗ ಕಣ್ಣ ಮುಂದೆ ಬಂದ.

1924ರಲ್ಲಿ ಓಲೆಗ್ ತಾನೇ ಕಟ್ಟಿದ ಗ್ಲೈಡರನ್ನು ಕ್ರೈಮಿಯಾದ ಸ್ಪರ್ಧೆಗೆ ಒಯ್ದ. ಅದು ಅಂದುಕೊಂಡಷ್ಟು ಚೆನ್ನಾಗಿ ಹಾರಲಿಲ್ಲ, ಆದರೂ ಅದರ ವಿನ್ಯಾಸಕ್ಕೆ ಮೆಚ್ಚುಗೆ ಸಿಕ್ಕಿತು. 1930ರಲ್ಲಿ ಲೆನಿನ್‌ಗ್ರಾಡ್ ಪಾಲಿಟೆಕ್ನಿಕ್‌ನಲ್ಲಿ ಪದವಿ ಮುಗಿಸಿ ಗ್ಲೈಡರ್ ಕಾರ್ಖಾನೆ ಸೇರಿದ. ಎರಡನೇ ಮಹಾಯುದ್ಧದಲ್ಲಿ ಆಂಟೊನೊವ್ ಅವರ ಎ-7 ಗ್ಲೈಡರುಗಳು ಶತ್ರು ಸೇನೆಯ ಹಿಂದೆ ಕಾಡುಗಳಲ್ಲಿ ಹೋರಾಡುತ್ತಿದ್ದವರಿಗೆ ಸಾಮಾನು ಮುಟ್ಟಿಸಿದವು. ಅಲ್ಲಿ ರನ್‌ವೇ ಎಲ್ಲಿ ಬರಬೇಕು? ಸಿಕ್ಕ ಬಯಲಿನಲ್ಲೇ ಇಳಿಯಬೇಕು. ಚಿಕ್ಕ ಜಾಗದಲ್ಲಿ ಇಳಿದು ಏಳುವ ವಿಮಾನದ ಪ್ರಶ್ನೆ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಗಾಳಿ ರೆಕ್ಕೆಯ ಮೇಲೆ ವೇಗವಾಗಿ ಹರಿದಷ್ಟೂ ಎತ್ತುವ ಬಲ ಹೆಚ್ಚು. ಆ ವೇಗ ಪಡೆಯಲು ಭಾರದ ವಿಮಾನ ಬಹಳ ದೂರ ಓಡಬೇಕು. 1946ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ, ಆಗಷ್ಟೇ ತಾಂತ್ರಿಕ ಶಾಲೆ ಮುಗಿಸಿದ ಹುಡುಗರನ್ನು ಸೇರಿಸಿಕೊಂಡು ಆಂಟೊನೊವ್ ತಂಡ ಕಟ್ಟಿದರು. 1947ರ ಆಗಸ್ಟ್ 31ರಂದು ಎಎನ್-2 ಹಾರಿತು. ಜೋಡಿ ರೆಕ್ಕೆಯ ಈ ವಿಮಾನದ ವೇಗ ಇಳಿದಾಗ ಮೇಲಿನ ರೆಕ್ಕೆಯ ಮುಂಬದಿಯ ಪಟ್ಟಿಗಳು ತಾವಾಗಿಯೇ ತೆರೆದುಕೊಂಡು ಗಾಳಿಯನ್ನು ರೆಕ್ಕೆಗೆ ಅಂಟಿಸಿ ಹಿಡಿಯುತ್ತವೆ. ಮೇಲೇರಲು ಅದಕ್ಕೆ 200 ಮೀಟರ್ ಓಟವೂ ಬೇಡ.

ಸರಿಯಾಗಿ 30 ವರ್ಷಗಳ ನಂತರ, 1977ರ ಆಗಸ್ಟ್ 31ರಂದು, ಕೀವ್‌ನಲ್ಲಿದ್ದ ಅವರ ತಂಡದ ಎಎನ್-72 ಹಾರಿತು. ಚಿಕ್ಕ, ಒರಟು ನೆಲದಿಂದ ಏಳಬೇಕಾದ ಜೆಟ್ ಸರಕು ವಿಮಾನವದು. ಅದರ ಎರಡು ಎಂಜಿನ್‌ಗಳು ರೆಕ್ಕೆಯ ಕೆಳಗಿಲ್ಲ, ಮೇಲಿವೆ. ಎಂಜಿನ್ ಉಗುಳುವ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿದು, ಹಿಂಬದಿಯ ಬಾಗಿದ ಫ್ಲಾಪ್‌ಗಳ ಜೊತೆ ಕೆಳಕ್ಕೆ ತಿರುಗುತ್ತದೆ. ಗಾಳಿ ಕೆಳಕ್ಕೆ ಹೋದರೆ ವಿಮಾನ ಮೇಲಕ್ಕೆ. ಇದೇ ಕೊವಾಂಡಾ ಪರಿಣಾಮ. ಎಂಜಿನ್ ಎತ್ತರದಲ್ಲಿರುವುದರಿಂದ ಕಲ್ಲು, ಧೂಳು ಒಳಗೆ ಸೇರುವ ಭಯವೂ ಕಡಿಮೆ. ದೊಡ್ಡ ಕಿವಿಗಳಂತೆ ಕಾಣುವ ಆ ಎಂಜಿನ್‌ಗಳಿಂದಾಗಿ ಜನ ಅದಕ್ಕೆ ಚೆಬುರಾಷ್ಕಾ ಎಂಬ ಮಕ್ಕಳ ಕಥೆಯ ಪಾತ್ರದ ಹೆಸರಿಟ್ಟರು.

ನಮ್ಮ ದೇಶಕ್ಕೂ ಅವರ ಋಣವಿದೆ. ಬಿಸಿಲಿನ ನಾಡಿನಲ್ಲೂ ಗಾಳಿ ತೆಳುವಾದ ಎತ್ತರದಲ್ಲೂ ಮೇಲೇರಬೇಕೆಂದು, ಎಎನ್-26ರ ಒಡಲಿಗೆ ಹೆಚ್ಚು ಶಕ್ತಿಯ ಎಂಜಿನ್ ಜೋಡಿಸಿ ಎಎನ್-32 ರೂಪಿಸಿದರು. 1984ರ ಏಪ್ರಿಲ್‌ನಲ್ಲಿ ಆಂಟೊನೊವ್ ತೀರಿಕೊಂಡರು. ಅದೇ ವರ್ಷ ಆ ವಿಮಾನ ಭಾರತೀಯ ವಾಯುಪಡೆಗೆ ಸೇರಿತು. 2008ರಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,000 ಅಡಿಗೂ ಮೀರಿದ ಎತ್ತರದ ನೆಲದ ಮೇಲೆ ಅದು ಇಳಿಯಿತು.

ಪಾಠದ ದಿನ ಬೋಧನೋಪಕರಣವಾಗಿ ಒಯ್ದದ್ದು ಒಂದು ಸ್ಟೀಲ್ ಚಮಚ ಮಾತ್ರ. ಮಕ್ಕಳನ್ನು ಅಂಗಳದ ನಲ್ಲಿಯ ಬಳಿಗೆ ಕರೆದೊಯ್ದೆ. ಹಿಂದಿನ ಬೆಂಚಿನ ಹುಡುಗನಿಗೇ ಚಮಚ ಕೊಟ್ಟೆ. ಅವನು ಅದರ ಉಬ್ಬು ಬೆನ್ನನ್ನು ಬೀಳುವ ನೀರಿಗೆ ತಾಗಿಸಿದ. ನೀರು ಚಮಚವನ್ನು ದೂಡುತ್ತದೆಂದು ಮಕ್ಕಳು ಊಹಿಸಿದ್ದರು. ಅದು ಚಮಚವನ್ನು ತನ್ನತ್ತ ಎಳೆದುಕೊಂಡಿತು; ನೀರು ಬೆನ್ನಿನ ಗುಂಟ ಹರಿದು ಪಕ್ಕಕ್ಕೆ ತಿರುಗಿತು. ಬಕೆಟ್ಟನ್ನು ನಿಧಾನ ಬಗ್ಗಿಸಿದರೆ ನೀರು ಅದರ ಹೊರಮೈಗೆ ಅಂಟಿ ಕಾಲ ಮೇಲೆ ಸುರಿಯುತ್ತದೆ, ಸಿಮೆಂಟ್ ಕಲಸುವಾಗ ಅಪ್ಪ ಅದಕ್ಕೇ ಥಟ್ಟನೆ ಬಗ್ಗಿಸುತ್ತಾರೆ ಎಂದು ಅವನು ಹೇಳಿದ. ನಾನು ಯೋಜಿಸಿದ್ದಕ್ಕಿಂತ ಒಳ್ಳೆಯ ಉದಾಹರಣೆ ಅದು.

ಸಂಜೆ ಮಾರ್ಗದರ್ಶಕ ಶಿಕ್ಷಕಿಯವರೊಂದಿಗೆ ಮುಖ್ಯೋಪಾಧ್ಯಾಯರ ಬಳಿ ಹೋದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕಾಲೇಜಿನಲ್ಲಿ ನಾವು ಇದನ್ನು ಪರೀಕ್ಷೆಗೆಂದು ಓದಿದ್ದೆವು. ಸರ್ ಅರ್ಜಿ ತೆಗೆದುಕೊಂಡು, ಮರುದಿನ ತಂದೆಯನ್ನು ಕರೆತರಲು ಹೇಳಿದರು.

ಪಾಠ ಯೋಜನೆಯ ಮೇಲ್ಭಾಗದಲ್ಲಿ ಮಕ್ಕಳ ಸಂಖ್ಯೆ ಎಂಬ ಅಂಕಣವಿರುತ್ತದೆ. ಆ ರಾತ್ರಿ ಮುಂದಿನ ಪಾಠ ಬರೆಯುವಾಗ ಅದರಲ್ಲಿ 43 ಎಂದು ತುಂಬಿದೆ.