ಮೀಟರ್ 12 ವೋಲ್ಟ್ ತೋರಿಸಿದರೆ ಬ್ಯಾಟರಿ ಸರಿ ಇದೆಯೇ? ಉತ್ತರ ಓಮ್ ಅವರ ಬದುಕಿನಲ್ಲಿದೆ

ಕೆನಡಾದಂಥ ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದ ಓಡಾಟಕ್ಕೆ ಸ್ನೋಮೊಬೈಲ್ ಎಂಬ ಗಾಡಿ ಬಳಸುತ್ತಾರೆ. ಅದರ ಮುಂಭಾಗದಲ್ಲಿ ಎರಡು ಸ್ಕೀಗಳು, ಹಿಂಭಾಗದಲ್ಲಿ ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟಿ. ಅಂಥ ಒಂದು ಹೊಚ್ಚ ಹೊಸ ಗಾಡಿ ಮನೆಗೆ ಬಂದಿದೆ ಎಂದುಕೊಳ್ಳಿ. ಸ್ಟಾರ್ಟ್ ಬಟನ್ ಒತ್ತಿದರೆ ಬರೀ 'ಟಿಕ್' ಎನ್ನುತ್ತದೆ, ಎಂಜಿನ್ ತಿರುಗುವುದೇ ಇಲ್ಲ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್. "ಬ್ಯಾಟರಿ ಚೆನ್ನಾಗಿದೆ, ಗಾಡಿ ಹೊಸದು, ವೈರಿಂಗ್ ಕೆಟ್ಟಿರಲು ಸಾಧ್ಯವಿಲ್ಲ, ಹಾಗಾದರೆ ಸ್ಟಾರ್ಟರ್ ಮೋಟಾರೇ ಹೋಗಿದೆ" ಎಂಬ ತೀರ್ಮಾನ ತಕ್ಷಣ ಬರುತ್ತದೆ. ನಮ್ಮ ಸ್ಕೂಟರ್, ಕಾರುಗಳ 'ಸೆಲ್ಫ್' ಎತ್ತದಿದ್ದಾಗಲೂ ಹೀಗೇ ಹೇಳುವವರಿದ್ದಾರೆ.

ಈ ತೀರ್ಮಾನ ಎಷ್ಟೋ ಸಲ ತಪ್ಪಾಗಿರುತ್ತದೆ. ಯಾಕೆ ಎಂದು ತಿಳಿಯಲು ನಾವು ಸುಮಾರು 200 ವರ್ಷ ಹಿಂದೆ ಹೋಗೋಣ. ಬ್ಯಾಟರಿಯನ್ನು ನಂಬಿ ಎಡವಿ, ಮತ್ತೆ ಎದ್ದು ನಿಂತ ಒಬ್ಬ ಶಾಲಾ ಮೇಷ್ಟ್ರ ಕಥೆ ಇದು. ಅವರ ಹೆಸರು ನಮಗೆಲ್ಲ ಹೈಸ್ಕೂಲಿನಿಂದಲೇ ಗೊತ್ತು: ಜಾರ್ಜ್ ಸೈಮನ್ ಓಮ್.

ಬೀಗ ಮಾಡುವವರ ಮಗ

ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಇಂದಿನ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ. ತಂದೆ ಬೀಗ ತಯಾರಿಸುವ ಕಸುಬಿನವರು. ಶಾಲೆಯ ಓದು ಹೆಚ್ಚಿಲ್ಲದಿದ್ದರೂ ತಾವೇ ಗಣಿತ ಕಲಿತು ಮಕ್ಕಳಿಗೂ ಕಲಿಸಿದರು. ಓಮ್‌ಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ತಮ್ಮ ಮಾರ್ಟಿನ್ ಮುಂದೆ ಹೆಸರಾಂತ ಗಣಿತಜ್ಞರಾದರು.

1805ರಲ್ಲಿ ಓಮ್ ಎರ್ಲಾಂಗೆನ್ ವಿಶ್ವವಿದ್ಯಾಲಯ ಸೇರಿದರು. ಆದರೆ ಅಲ್ಲಿ ಓದಿಗಿಂತ ನೃತ್ಯ, ಬಿಲಿಯರ್ಡ್ಸ್ ಮತ್ತು ಐಸ್ ಸ್ಕೇಟಿಂಗ್ ಕಡೆಗೇ ಹೆಚ್ಚು ಒಲವು. ತಂದೆಗೆ ಸಿಟ್ಟು ಬಂತು. ಮೂರು ಸೆಮಿಸ್ಟರ್‌ಗೇ ಕಾಲೇಜು ನಿಂತಿತು, ಮಗನನ್ನು ಸ್ವಿಟ್ಜರ್ಲೆಂಡ್‌ಗೆ ಮೇಷ್ಟ್ರ ಕೆಲಸಕ್ಕೆ ಕಳುಹಿಸಲಾಯಿತು. ಅಲ್ಲಿ ಪಾಠ ಹೇಳುತ್ತಲೇ ಗಣಿತ ಓದಿಕೊಂಡ ಓಮ್, 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪಡೆದರು. ಮುಂದಿನ ಕೆಲವು ವರ್ಷ ಸಿಕ್ಕಿದ್ದು ಕಡಿಮೆ ಸಂಬಳದ ಸಣ್ಣಪುಟ್ಟ ಕೆಲಸಗಳು. 1817ರಲ್ಲಿ ಕಲೋನ್ ನಗರದ ಒಂದು ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಆ ಶಾಲೆಯಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಓಮ್ ಬದುಕು ತಿರುಗಿದ್ದು ಇಲ್ಲೇ.

ಮೊದಲ ಪ್ರಯೋಗ ಎಡವಿದ್ದೇಕೆ?

ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗುತ್ತದೆ ಎಂದು ಡೆನ್ಮಾರ್ಕ್‌ನ ಓರ್ಸ್ಟೆಡ್ 1820ರಲ್ಲಿ ತೋರಿಸಿದ್ದರು. ಓಮ್ ಇದನ್ನೇ ಅಳತೆಗೋಲು ಮಾಡಿಕೊಂಡರು. ಮುಳ್ಳು ಎಷ್ಟು ಬಲವಾಗಿ ತಿರುಗುತ್ತದೋ ಅಷ್ಟು ಹೆಚ್ಚು ವಿದ್ಯುತ್ ಹರಿಯುತ್ತಿದೆ ಎಂದರ್ಥ. ಅಪ್ಪನಿಂದ ಕಲಿತ ಲೋಹದ ಕೆಲಸ ಉಪಯೋಗಕ್ಕೆ ಬಂತು, ಉಪಕರಣಗಳನ್ನು ತಾವೇ ಸಿದ್ಧಪಡಿಸಿಕೊಂಡರು.

ಪ್ರಶ್ನೆ ಸರಳವಾಗಿತ್ತು: ತಂತಿ ಉದ್ದವಾದಂತೆ ಅದರಲ್ಲಿ ಹರಿಯುವ ವಿದ್ಯುತ್ ಎಷ್ಟು ಕಡಿಮೆಯಾಗುತ್ತದೆ? 1825ರಲ್ಲಿ ಓಮ್ ಇದಕ್ಕೊಂದು ಸೂತ್ರ ಪ್ರಕಟಿಸಿದರು. ಅದು ತಪ್ಪಾಗಿತ್ತು.

ಕಾರಣ ಬ್ಯಾಟರಿ. ಆಗಿನ ಬ್ಯಾಟರಿ ಎಂದರೆ ಲೋಹದ ತಟ್ಟೆಗಳನ್ನು ದ್ರವದಲ್ಲಿ ಅದ್ದಿದ ಕೋಶ. ತಂತಿ ಜೋಡಿಸಿದ ಕ್ಷಣ ಒಂದು ಬಲ, ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಬಲ. ಓಮ್ ತಂತಿಯನ್ನು ಅಳೆಯಲು ಹೊರಟಿದ್ದರು, ಆದರೆ ಅಳತೆಯ ನಡುವೆಯೇ ಬ್ಯಾಟರಿ ಕುಸಿಯುತ್ತಿತ್ತು. ಕೆಲಸ ಕೊಟ್ಟಾಗ ಕುಸಿಯುವ ಬ್ಯಾಟರಿ ತಂತಿಯ ಲೆಕ್ಕವನ್ನೇ ಕೆಡಿಸಿತು.

ಕುದಿಯುವ ನೀರು, ಮಂಜುಗಡ್ಡೆ

ಆಗ ವಿಜ್ಞಾನ ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟರು: ಈ ಬ್ಯಾಟರಿ ಬಿಡಿ, ಥರ್ಮೋಕಪಲ್ ಬಳಸಿ. ಎರಡು ಬೇರೆ ಲೋಹಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಬಿಸಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ಸಣ್ಣ ಪ್ರಮಾಣದಲ್ಲಿ ವಿದ್ಯುತ್ ಹುಟ್ಟುತ್ತದೆ. ಬಿಸಿ ಮತ್ತು ತಂಪಿನ ಅಂತರ ಬದಲಾಗದಿದ್ದರೆ ಅದರ ಬಲವೂ ಬದಲಾಗುವುದಿಲ್ಲ.

ಓಮ್ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿದರು. ಒಂದು ಬೆಸುಗೆ ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದು ಮಂಜುಗಡ್ಡೆಯ ತಂಪಿನಲ್ಲಿ. 1826ರ ಆರಂಭದಲ್ಲಿ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ಅಳೆದರು. ಈ ಬಾರಿ ಅಂಕಿಗಳು ಕೈಕೊಡಲಿಲ್ಲ.

ಅವರಿಗೆ ಸಿಕ್ಕ ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ ಹೀಗೆ: ಹರಿಯುವ ವಿದ್ಯುತ್ ಎಂದರೆ ಮೂಲದ ಬಲವನ್ನು ಒಟ್ಟು ಅಡ್ಡಿಯಿಂದ ಭಾಗಿಸಿದಷ್ಟು. ಆ ಒಟ್ಟು ಅಡ್ಡಿಯಲ್ಲಿ ಎರಡು ಪಾಲು. ಒಂದು, ಪರೀಕ್ಷೆಗೆ ಇಟ್ಟ ತಂತಿಯ ಅಡ್ಡಿ. ಇನ್ನೊಂದು, ಸರ್ಕಿಟ್‌ನ ಉಳಿದೆಲ್ಲ ಭಾಗಗಳ ಅಡ್ಡಿ. ಈ ಅಡ್ಡಿಯನ್ನೇ ನಾವು ರೋಧ ಎನ್ನುತ್ತೇವೆ.

ನಾವು ಮರೆತ ಅರ್ಧ ಭಾಗ

ವೋಲ್ಟೇಜ್ ಎಂದರೆ ಪ್ರವಾಹ ಗುಣಿಸು ರೋಧ ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ಓಮ್ ಎಣಿಸಿದ್ದ 'ಉಳಿದೆಲ್ಲ ಭಾಗ' ನಮಗೆ ನೆನಪಿನಲ್ಲಿ ಉಳಿಯುವುದಿಲ್ಲ. ಗಾಡಿ ಸ್ಟಾರ್ಟ್ ಆಗದಿದ್ದಾಗ ತೊಂದರೆ ಹೆಚ್ಚಾಗಿ ಅಡಗಿರುವುದು ಅಲ್ಲೇ: ಬ್ಯಾಟರಿಯ ಒಳಗೆ, ಟರ್ಮಿನಲ್‌ನಲ್ಲಿ, ಅರ್ತ್ ವೈರ್ ಕೂರುವ ಬೋಲ್ಟ್‌ನಲ್ಲಿ.

ಲೆಕ್ಕ ಹಾಕಿ ನೋಡೋಣ. ಸ್ಟಾರ್ಟರ್ ಮೋಟಾರ್ 100 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಒಂದು ಸಡಿಲ ಜೋಡಣೆಯ ರೋಧ 0.02 ಓಮ್. ಎರಡನ್ನೂ ಗುಣಿಸಿದರೆ 2 ವೋಲ್ಟ್. ಅಷ್ಟೂ ಆ ಜೋಡಣೆಯಲ್ಲೇ ನಷ್ಟ, ಮೋಟಾರ್‌ಗೆ ಸಿಗುವುದಿಲ್ಲ.

ಮೀಟರ್‌ಗೆ ಇದು ಕಾಣುವುದಿಲ್ಲವೇ? ಇಲ್ಲ. ಸಾಮಾನ್ಯ ಡಿಜಿಟಲ್ ಮೀಟರ್‌ನ ಒಳರೋಧ ಸುಮಾರು 1 ಕೋಟಿ ಓಮ್. ಅದು ಬ್ಯಾಟರಿಯಿಂದ ಎಳೆಯುವುದು ಒಂದು ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅಷ್ಟು ಸಣ್ಣ ಪ್ರವಾಹಕ್ಕೆ ಕೆಟ್ಟ ಜೋಡಣೆಯೂ ದಾರಿ ಬಿಡುತ್ತದೆ, ದಣಿದ ಬ್ಯಾಟರಿಯೂ 12.6 ತೋರಿಸುತ್ತದೆ. ಓಮ್ ಅಳೆಯುವ ಸೆಟ್ಟಿಂಗ್‌ನಲ್ಲೂ ಈ 0.02 ಸಿಕ್ಕುವುದು ಕಷ್ಟ, ಮೀಟರ್‌ನ ಸ್ವಂತ ವೈರ್‌ಗಳ ರೋಧವೇ ಅದಕ್ಕಿಂತ ಹೆಚ್ಚಿರುತ್ತದೆ.

ಹಿಮದ ನಾಡಿನಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಚಳಿಗೆ ವೈರ್‌ಗಳಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು. ನಿಜ ಇದಕ್ಕೆ ಉಲ್ಟಾ. ತಣ್ಣಗಾದಂತೆ ತಾಮ್ರದ ರೋಧ ಕಡಿಮೆಯಾಗುತ್ತದೆ. ಹೆಚ್ಚುವುದು ಬ್ಯಾಟರಿಯ ಒಳರೋಧ. ಅದಕ್ಕೇ ಬ್ಯಾಟರಿಗಳ ಮೇಲೆ 'ಸಿಸಿಎ' ಎಂಬ ಅಂಕಿ ಇರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ, 7.2 ವೋಲ್ಟ್‌ಗಿಂತ ಕೆಳಗಿಳಿಯದೆ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದರ ಅಳತೆ ಅದು. ಅಂದರೆ ಬ್ಯಾಟರಿಯ ಪರೀಕ್ಷೆ ಅದು ಕೆಲಸ ಮಾಡುವಾಗ, ಸುಮ್ಮನೆ ಕೂತಾಗ ಅಲ್ಲ.

ಓಮ್ ಅವರನ್ನು ಕೆಲಸದಿಂದ ತೆಗೆದರೇ?

ತಮ್ಮ ನಿಯಮಕ್ಕಾಗಿ ಓಮ್ ಕೆಲಸ ಕಳೆದುಕೊಂಡರು ಎಂದು ಹೇಳುವುದುಂಟು. ನಡೆದದ್ದು ಸ್ವಲ್ಪ ಬೇರೆ. ಸಂಶೋಧನೆಗಾಗಿ ಅರ್ಧ ಸಂಬಳದ ರಜೆ ಪಡೆದು ಬರ್ಲಿನ್‌ಗೆ ಹೋದ ಓಮ್, 1827ರಲ್ಲಿ ತಮ್ಮ ಸಿದ್ಧಾಂತವನ್ನು ಪುಸ್ತಕವಾಗಿ ಹೊರತಂದರು. ಇದರಿಂದ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುತ್ತದೆ ಎಂಬ ಆಸೆ ಇತ್ತು. ಪುಸ್ತಕದ ತುಂಬ ಗಣಿತ. ಆಗಿನ ಜರ್ಮನಿಯ ಅನೇಕ ಭೌತವಿಜ್ಞಾನಿಗಳಿಗೆ ಆ ಶೈಲಿ ಹಿಡಿಸಲಿಲ್ಲ, ಕಟುವಾದ ವಿಮರ್ಶೆಗಳೂ ಬಂದವು. ಹುದ್ದೆ ಸಿಗಲಿಲ್ಲ. ನೊಂದ ಓಮ್ 1828ರಲ್ಲಿ ಕಲೋನ್‌ನ ಕೆಲಸಕ್ಕೆ ತಾವೇ ರಾಜೀನಾಮೆ ಕೊಟ್ಟರು. ಯಾರೂ ತೆಗೆದುಹಾಕಲಿಲ್ಲ. ಆದರೆ ಮುಂದಿನ ಐದು ವರ್ಷ ಅವರು ಬರ್ಲಿನ್‌ನಲ್ಲಿ ವಾರಕ್ಕೆ ಕೆಲವೇ ಗಂಟೆ ಪಾಠ ಹೇಳಿ ದಿನ ದೂಡಬೇಕಾಯಿತು.

1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್‌ನಲ್ಲಿ ಕೆಲಸ ಸಿಕ್ಕಿತು. ದೊಡ್ಡ ಮನ್ನಣೆ ಬಂದದ್ದು ಹೊರದೇಶದಿಂದ. 1841ರಲ್ಲಿ ಲಂಡನ್‌ನ ರಾಯಲ್ ಸೊಸೈಟಿ ಕಾಪ್ಲಿ ಪದಕ ನೀಡಿತು. ಬಯಸಿದ್ದ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪೀಠ ಮ್ಯೂನಿಕ್‌ನಲ್ಲಿ ಸಿಕ್ಕಿದ್ದು 1852ರಲ್ಲಿ. ಎರಡೇ ವರ್ಷದಲ್ಲಿ, 1854ರ ಜುಲೈ 6ರಂದು, 65ನೇ ವಯಸ್ಸಿನಲ್ಲಿ ಓಮ್ ತೀರಿಕೊಂಡರು. ಅವರು ಮದುವೆಯಾಗಿರಲಿಲ್ಲ.

ಅವರ ನಿಯಮದ ಬೆಲೆ ಜನರಿಗೆ ಚೆನ್ನಾಗಿ ತಿಳಿದದ್ದು ಟೆಲಿಗ್ರಾಫ್ ಕಾಲದಲ್ಲಿ. ಸಮುದ್ರದ ಅಡಿಯಲ್ಲಿ ಹಾಕಿದ ಕೇಬಲ್ ಕೆಟ್ಟರೆ ಎಲ್ಲಿ ಎಂದು ಹುಡುಕುವುದು? ಒಂದು ಮೈಲಿ ತಂತಿಯ ರೋಧ ಗೊತ್ತಿದ್ದರೆ, ದಡದಲ್ಲಿ ನಿಂತು ಅಳೆದೇ ಕೆಟ್ಟ ಜಾಗದ ದೂರವನ್ನು ಅಂದಾಜು ಮಾಡಬಹುದಿತ್ತು. ಇದಕ್ಕೆ ಎಲ್ಲರೂ ಒಪ್ಪುವ ಅಳತೆ ಬೇಕಾಯಿತು. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮಾವೇಶ ರೋಧದ ಮಾನಕ್ಕೆ 'ಓಮ್' ಎಂಬ ಹೆಸರನ್ನು ಒಪ್ಪಿಕೊಂಡಿತು.

ಹಾಗಾದರೆ ಏನು ನೋಡಬೇಕು?

ಸ್ನೋಮೊಬೈಲ್ ಇರಲಿ, ನಿಮ್ಮ ಗಾಡಿಯೇ ಇರಲಿ, ಕ್ರಮ ಇದೇ. ಇಲ್ಲಿನ ಅಂಕಿಗಳು 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿಗೆ ಮಾತ್ರ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ತಿರುಗುವ ಭಾಗಗಳಿಂದ ಕೈ ದೂರವಿರಲಿ.

• ಮೊದಲು ಸುಲಭದ್ದು: ಎಂಜಿನ್ ನಿಲ್ಲಿಸುವ ಸ್ವಿಚ್, ಸ್ನೋಮೊಬೈಲ್ ಆದರೆ ಸವಾರರ ಬಟ್ಟೆಗೆ ಸಿಕ್ಕಿಸುವ ಸುರಕ್ಷತಾ ದಾರ, ಫ್ಯೂಸ್. ಆಮೇಲೆ ಬ್ಯಾಟರಿ ಟರ್ಮಿನಲ್ ಅಲುಗುತ್ತದೆಯೇ ನೋಡಿ. ಬ್ಯಾಟರಿಯನ್ನು ಹೆಚ್ಚಾಗಿ ಶೋರೂಮ್‌ನಲ್ಲಿ ಜೋಡಿಸುತ್ತಾರೆ, ಬಿಗಿ ಮಾಡುವುದು ಮರೆತಿದ್ದರೆ ಹೊಸ ಗಾಡಿಯೂ ಕೈಕೊಡುತ್ತದೆ.

• ಮೀಟರನ್ನು ಬ್ಯಾಟರಿಗೆ ಹಿಡಿದೇ ಸ್ಟಾರ್ಟ್ ಬಟನ್ ಒತ್ತಿಸಿ. ಸುಮಾರು 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ.

• ಬ್ಯಾಟರಿ ಕುಸಿಯದೆ 12ರ ಮೇಲೆಯೇ ನಿಂತು, ಎಂಜಿನ್ ಮಾತ್ರ ತಿರುಗದಿದ್ದರೆ ಅಡ್ಡಿ ದಾರಿಯಲ್ಲಿರಬಹುದು. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು ಬಟನ್ ಒತ್ತಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ದಾರಿಯಲ್ಲಿ ದೋಷವಿದೆ. ಪಾಸಿಟಿವ್ ಟರ್ಮಿನಲ್‌ನಿಂದ ಸ್ಟಾರ್ಟರ್ ಮೋಟಾರ್‌ವರೆಗೂ ಹೀಗೇ ನೋಡಬಹುದು.

• ಇಷ್ಟೆಲ್ಲ ಸರಿ ಇದ್ದರೆ ಆಗ ಮೋಟಾರ್ ಮೇಲೆ ಅನುಮಾನ ಪಡಿ. ಗಾಡಿ ವಾರಂಟಿಯಲ್ಲಿದ್ದರೆ ವೈರ್ ಕತ್ತರಿಸಬೇಡಿ, ಸಿಕ್ಕ ಅಂಕಿಗಳನ್ನು ಬರೆದುಕೊಂಡು ಸರ್ವಿಸ್‌ನವರಿಗೆ ತೋರಿಸಿ.

ಬಟನ್ ಒತ್ತುವ ಮುಂಚಿನ 12.6 ಹೇಳುವುದು ಅರ್ಧ ಸತ್ಯ. ಉಳಿದರ್ಧ ತಿಳಿಯುವುದು ಒತ್ತಿದಾಗ. ಹೊಸ ಬ್ಯಾಟರಿಗೋ ಮೋಟಾರ್‌ಗೋ ದುಡ್ಡು ಸುರಿಯಲು ಹೊರಟ ಸ್ನೇಹಿತರಿದ್ದರೆ ಅವರಿಗೆ ಇದನ್ನು ಕಳುಹಿಸಿ. ಸ್ಪ್ಯಾನರ್ ಹಿಡಿದು ಒಂದು ಬೋಲ್ಟ್ ಬಿಗಿ ಮಾಡುವುದರಲ್ಲೇ ಕೆಲಸ ಮುಗಿಯಬಹುದು.