ಪ್ಲೇಗಿನ ಮುಂಬಯಿಯಲ್ಲಿ ಧೃತಿಗೆಡದ ಡಾ. ಹಾಫ್‌ಕಿನ್

ಊರಿನಿಂದ ಬಂದ ರೋಗಿಗಳನ್ನು ಪರೇಲ್‌ನ ಟಾಟಾ ಆಸ್ಪತ್ರೆಗೋ ಕೆಇಎಂ ಆಸ್ಪತ್ರೆಗೋ ಕರೆದೊಯ್ಯುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಅಲ್ಲಿಯೇ, ಆಚಾರ್ಯ ದೊಂದೆ ಮಾರ್ಗದಲ್ಲಿ ಮರಗಳ ಮರೆಯಲ್ಲಿ ಒಂದು ಹಳೆಯ ಬಂಗಲೆಯಿದೆ. ಒಂದು ಕಾಲಕ್ಕೆ ಗವರ್ನರರ ನಿವಾಸವಾಗಿದ್ದ ಅದು ಈಗ ಹಾಫ್‌ಕಿನ್ ಸಂಸ್ಥೆ. ಆ ಹೆಸರಿನ ವ್ಯಕ್ತಿ ಯಾರು, ಅವರಿಗೂ ಮುಂಬಯಿಗೂ ಏನು ನಂಟು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು.

ವಾಲ್ಡೆಮಾರ್ ಹಾಫ್‌ಕಿನ್ ಜನಿಸಿದ್ದು 1860ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಉಕ್ರೇನ್‌ನಲ್ಲಿರುವ ಒಡೆಸ್ಸಾದಲ್ಲಿ, ಯೆಹೂದಿ ಕುಟುಂಬವೊಂದರಲ್ಲಿ. ಖ್ಯಾತ ವಿಜ್ಞಾನಿ ಮೆಚ್ನಿಕೋವ್ ಅವರ ಶಿಷ್ಯರಾಗಿದ್ದರೂ ಧರ್ಮದ ಕಾರಣಕ್ಕೆ ತಾಯ್ನಾಡಿನಲ್ಲಿ ಉನ್ನತ ಹುದ್ದೆಯ ಬಾಗಿಲು ತೆರೆಯಲಿಲ್ಲ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಗೆ ಗ್ರಂಥಪಾಲಕರಾಗಿ ಸೇರಿದ ಅವರು, ಅಲ್ಲಿಯೇ ಕಾಲರಾ ಲಸಿಕೆ ಸಿದ್ಧಪಡಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. 1893ರಲ್ಲಿ ಆ ಲಸಿಕೆಯೊಂದಿಗೆ ಕೋಲ್ಕತ್ತಕ್ಕೆ ಬಂದರು.

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗ್ ರೋಗವನ್ನು ಗುರುತಿಸಿದರು. ಜ್ವರ, ಕಂಕುಳು-ತೊಡೆಸಂದಿಯಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ನಗರ ಬಿಟ್ಟರು. ಸರಕಾರವೂ ಗಾಬರಿಗೊಂಡಿತು. ಮನೆಗಳಿಗೆ ನುಗ್ಗಿ ತಪಾಸಣೆ, ಬಲವಂತವಾಗಿ ಆಸ್ಪತ್ರೆಗೆ ಸಾಗಣೆ, ಸಾಮಾನು ಸುಡುವುದು ಮುಂತಾದ ಕ್ರಮಗಳಿಂದ ಜನರಿಗೆ ರೋಗಕ್ಕಿಂತ ಅಧಿಕಾರಿಗಳ ಭಯವೇ ಹೆಚ್ಚಾಯಿತು. ಪುಣೆಯಲ್ಲಿ ಈ ಆಕ್ರೋಶವೇ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಹತ್ಯೆಗೆ ಕಾರಣವಾಯಿತು.

ಈ ಗೊಂದಲದ ನಡುವೆಯೇ, 1896ರ ಅಕ್ಟೋಬರ್‌ನಲ್ಲಿ ಹಾಫ್‌ಕಿನ್ ಮುಂಬಯಿಗೆ ಬಂದಿಳಿದರು. ಬೈಕಲಾದ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಮೊಗಸಾಲೆ, ಬೆರಳೆಣಿಕೆಯ ಸಹಾಯಕರು - ಇಷ್ಟೇ ಅವರಿಗೆ ದೊರೆತದ್ದು. ಕೆಲಸದ ಒತ್ತಡ ತಾಳಲಾರದೆ ಸಹಾಯಕರಲ್ಲಿ ಕೆಲವರು ಬಿಟ್ಟುಹೋದರು. ಹಾಫ್‌ಕಿನ್ ಮಾತ್ರ ಒಂದೊಂದೇ ಹಂತವಾಗಿ ಮುಂದುವರಿದರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳಿಗೆ ಜೋತುಬಿದ್ದಂತೆ ರೋಗಾಣುಗಳು ಬೆಳೆಯುವಂತೆ ಮಾಡಿದರು. ಅವನ್ನು ಬಿಸಿಯಿಂದ ಕೊಂದು ಲಸಿಕೆ ತಯಾರಿಸಿ, ಮೊಲಗಳ ಮೇಲೆ ಪರೀಕ್ಷಿಸಿದರು. ಬಂದು ಮೂರು ತಿಂಗಳಾಗುವಷ್ಟರಲ್ಲಿ, 1897ರ ಜನವರಿ 10ರಂದು, ಸಾಮಾನ್ಯ ಪ್ರಮಾಣಕ್ಕಿಂತ ಬಹಳ ಹೆಚ್ಚಿನ ಲಸಿಕೆಯನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜ್ವರ, ನೋವು ಬಂದು ಹೋಯಿತು. ಊರಿಗೆ ಕೊಡುವ ಮುನ್ನ ಅದರ ಅಪಾಯವನ್ನು ತಾವು ಹೊತ್ತರು.

ಅದೇ ತಿಂಗಳ ಕೊನೆಯಲ್ಲಿ ಬೈಕಲಾ ಜೈಲಿಗೆ ಪ್ಲೇಗ್ ನುಗ್ಗಿತು. ಒಪ್ಪಿ ಮುಂದೆ ಬಂದ ಕೈದಿಗಳಿಗೆ ಮಾತ್ರ ಲಸಿಕೆ ಹಾಕಲಾಯಿತು. ಹಾಕಿಸಿಕೊಂಡವರು, ಹಾಕಿಸಿಕೊಳ್ಳದವರು ಎಂದು ಎರಡು ಲೆಕ್ಕ ಇಡಲಾಯಿತು. ಹಾಕಿಸಿಕೊಳ್ಳದವರಲ್ಲಿ 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ, ಆ ದಿನವೇ ರೋಗ ಕಾಣಿಸಿಕೊಂಡಿದ್ದವರನ್ನು ಬಿಟ್ಟರೆ, ಯಾರೂ ಸಾಯಲಿಲ್ಲ. ಯುವ ಆಗಾ ಖಾನ್ ತಾವೇ ಮುಂದೆ ನಿಂತು ಲಸಿಕೆ ಹಾಕಿಸಿಕೊಂಡು, ಹಾಫ್‌ಕಿನ್ ಅವರ ಕೆಲಸಕ್ಕೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. ಖೋಜಾ ಸಮಾಜದ ಸಾವಿರಾರು ಮಂದಿ ಅವರನ್ನು ಅನುಸರಿಸಿದರು. 1898ರಲ್ಲಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿಯಲ್ಲೂ ಪ್ಲೇಗ್ ಹಬ್ಬಿದಾಗ ಇದೇ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. 1899ರಲ್ಲಿ ಪರೇಲ್‌ನ ಬಂಗಲೆ ಅವರ ಪ್ರಯೋಗಾಲಯವಾಯಿತು.

ಆದರೆ ನಿಜವಾದ ಅಗ್ನಿಪರೀಕ್ಷೆ ಮುಂದೆ ಕಾದಿತ್ತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಒಂದೇ ಬಾಟಲಿಯ ಮದ್ದು ಪಡೆದ 19 ಮಂದಿ ಧನುರ್ವಾಯು ತಗುಲಿ ಸಾವಿಗೀಡಾದರು. ಉಳಿದ ಬಾಟಲಿಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೂ ವಿಚಾರಣಾ ಆಯೋಗ ಪರೇಲ್‌ನ ಪ್ರಯೋಗಾಲಯದತ್ತ ಬೆರಳು ತೋರಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡು ಲಂಡನ್ನಿಗೆ ಹೋದರು.

ಅವಮಾನಕ್ಕೊಳಗಾದರೂ ಅವರು ಕೂಗಾಡಲಿಲ್ಲ, ಕೈಚೆಲ್ಲಿ ಕೂರಲೂ ಇಲ್ಲ. ದಾಖಲೆಗಳನ್ನು ಒಂದೊಂದಾಗಿ ಮುಂದಿಟ್ಟು ವರ್ಷಗಟ್ಟಲೆ ತಮ್ಮ ವಾದ ಮಂಡಿಸಿದರು. ಮುಲ್ಕೋವಾಲ್‌ನಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಲ್ಲಿದ್ದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಬಳಸಲಾಗಿತ್ತು. 1907ರಲ್ಲಿ ಮಲೇರಿಯಾ ಸಂಶೋಧನೆಗೆ ಹೆಸರಾದ ರೊನಾಲ್ಡ್ ರಾಸ್ ಸೇರಿದಂತೆ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಅವರ ಪರ ನಿಂತರು. ಅದೇ ವರ್ಷ ಹಾಫ್‌ಕಿನ್ ದೋಷಮುಕ್ತರಾಗಿ ಭಾರತಕ್ಕೆ ಮರಳಿದರು. ಆದರೆ ಪರೇಲ್‌ನ ಹುದ್ದೆ ಸಿಗಲಿಲ್ಲ. ಕೋಲ್ಕತ್ತದಲ್ಲಿ ಸದ್ದಿಲ್ಲದೆ ಕೆಲಸ ಮಾಡಿ ನಿವೃತ್ತರಾದರು. 1925ರಲ್ಲಿ ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಯಿತು. 1930ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ಅವರು ನಿಧನರಾದರು. 1964ರಲ್ಲಿ ಭಾರತ ಸರಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಆಪತ್ಕಾಲದಲ್ಲಿ ಶಾಂತವಾಗಿರುವುದೆಂದರೆ ಕೈಕಟ್ಟಿ ಕೂರುವುದಲ್ಲ. ಮೂರು ತಿಂಗಳಲ್ಲಿ ಲಸಿಕೆ ಕೊಟ್ಟ ಹಾಫ್‌ಕಿನ್ ಅವರಷ್ಟು ವೇಗವಾಗಿ ದುಡಿದವರು ವಿರಳ. ಆದರೂ ಅವರು ಪರೀಕ್ಷೆಯ ಹಂತ ಬಿಡಲಿಲ್ಲ, ಒಪ್ಪಿಗೆ ಕೇಳುವುದನ್ನು ಬಿಡಲಿಲ್ಲ, ಲೆಕ್ಕ ಇಡುವುದನ್ನು ಬಿಡಲಿಲ್ಲ. ಮುಲ್ಕೋವಾಲ್‌ನಲ್ಲಿ ಕೈಬಿಟ್ಟುಹೋದದ್ದು ಚಿಮಟ ಶುದ್ಧಮಾಡುವ ಕೆಲವೇ ನಿಮಿಷಗಳ ಕೆಲಸ. ಅದಕ್ಕೆ ತೆತ್ತದ್ದು 19 ಜೀವ. 2020ರ ಕೊರೊನಾ ದಿನಗಳಲ್ಲಿ ಗಾಬರಿ ಏನೆಂಬುದನ್ನು ಕಂಡುಂಡ ನಾವು, ಮುಂದೆ ಪರೇಲ್‌ಗೆ ಹೋದಾಗ ಆ ಬಂಗಲೆಯ ಮುಂದೆ ಒಂದು ಕ್ಷಣ ನಿಂತು ಈ ಪುಣ್ಯಾತ್ಮನನ್ನು ಸ್ಮರಿಸಿದರೆ ಒಳ್ಳೆಯದು.